ಗೋಡೆ ಮೇಲಿನ ಆಕಾಶ

ನಮ್ಮ ವಾಚನಾಲಯದ ಗೋಡೆಗೆ ಈ ಸಲ ಶಿವರಾತ್ರಿಯಿಂದ ಯುಗಾದಿವರೆಗೆ ಊರಿನ ಹುಡುಗರು, ಹೆಣ್ಣುಮಕ್ಕಳು ತೆಗೆದ ಆಕಾಶದ ಫೋಟೋಗಳನ್ನು ಅಂಟಿಸಿದ್ದಾರೆ. ಹೊತ್ತು ಹುಟ್ಟೋದು, ಹೊತ್ತು ಮುಳುಗೋದು, ಮೋಡ ಕಟ್ಟೋದು, ಎಲ್ಲಾ ಸೇರಿ ನಲವತ್ತು. ಒಂದೆರಡು ಕ್ಯಾಮೆರಾದಲ್ಲಿ ತೆಗೆದವು, ಮಿಕ್ಕವೆಲ್ಲಾ ಫೋನಿನವು. ಇದರ ಮೇಲೆ ಒಂದು ವಿಮರ್ಶೆ ಬರೆದುಕೊಡಿ ಅಂತ ಈ ಪುಸ್ತಕ ಮಾಡೋರು ಕೇಳಿದರು. ನಾನು ಓದಿದ್ದು ಏಳನೇ ಕ್ಲಾಸು. ಕಸುಬು ಬೇಸಾಯ, ಹವ್ಯಾಸ ಪದ ಹಾಡೋದು. ಫೋಟೋ ವಿದ್ಯೆ ಕಲಿತವನಲ್ಲ. ಆದರೆ ಐವತ್ತು ವರ್ಷದಿಂದ ದಿನಾ ಬೆಳಗ್ಗೆ ಎದ್ದು ಮೊದಲು ಮುಖ ನೋಡೋದು ಆಕಾಶದ್ದೇ. ಬೀಜ ಹಾಕೋದು, ಹುರಳಿ ಒಕ್ಕೋದು, ಮಾವಿಗೆ ಔಷಧಿ ಹೊಡೆಯೋದು, ಎಲ್ಲಾ ಅದನ್ನ ಕೇಳಿಯೇ. ಅಷ್ಟು ಪರಿಚಯ ಇರೋ ಮುಖದ ಪಟ ಸರಿಯಾಗಿ ಬಂದಿದೆಯೋ ಇಲ್ಲವೋ ಹೇಳೋ ಹಕ್ಕು ನನಗೂ ಇದೆ ಅಂತ ಬರೆಯೋಕೆ ಕೂತೆ.

ಮೊದಲೇ ತೀರ್ಪು ಹೇಳಿಬಿಡ್ತೀನಿ. ನಲವತ್ತರಲ್ಲಿ ಮೂವತ್ತು ಫೋಟೋ ಒಂದೇ ಫೋಟೋ. ಕೆಂಪು ಚೆಂಡಿನಂಥ ಸೂರ್ಯ, ಸುತ್ತ ಕಿತ್ತಳೆ ಬಣ್ಣ, ಕೆಳಗೆ ಕಪ್ಪು ಗುಡ್ಡ, ಇಲ್ಲಾಂದ್ರೆ ಕಪ್ಪು ತೆಂಗಿನ ಮರ. ಯಾವ ತಿಂಗಳು, ಯಾವ ಊರು, ಬೆಳಗೋ ಬೈಗೋ, ಒಂದೂ ತಿಳಿಯೋಲ್ಲ. ತೆಗೆದ ಹುಡುಗರನ್ನೇ ಕರೆದು ಕೇಳಿದೆ, ‘ಇದು ಮೂಡಲೋ ಪಡುವಲೋ?’ ಅಂತ. ಇಬ್ಬರು ಫೋನು ತೆಗೆದು ಗಂಟೆ ನೋಡಿ ಹೇಳಿದರು. ‘ನೋಡೋಕೆ ಚೆನ್ನಾಗಿಲ್ವಾ ತಾತ?’ ಅಂತ ಒಬ್ಬ ಕೇಳಿದ. ಚೆನ್ನಾಗಿದೆ ಮಗ, ಕ್ಯಾಲೆಂಡರಿಗೆ ಹಾಕಬಹುದು. ಆದರೆ ನಮ್ಮ ಸೀಮೆಯ ಸುಗ್ಗಿ ಕಾಲದ ಆಕಾಶ ಅದರಲ್ಲಿಲ್ಲ. ಉಳಿದ ಹತ್ತರಲ್ಲಿ ಇದೆ. ಆ ಮೂವತ್ತಕ್ಕೂ ಈ ಹತ್ತಕ್ಕೂ ಏನು ವ್ಯತ್ಯಾಸ ಅನ್ನೋದನ್ನೇ ಇಲ್ಲಿ ಬರೀತಾ ಇದ್ದೀನಿ.

ಮೊದಲು ಈ ಕಾಲದ ಆಕಾಶ ಹೇಗಿರುತ್ತೆ ಅಂತ ಹೇಳಬೇಕು. ಹೊಸೂರು, ತಳಿ, ಡೆಂಕಣಿಕೋಟೆ ಕಡೆ ನೆಲ ಎತ್ತರ, ಸಮುದ್ರಕ್ಕಿಂತ ಸುಮಾರು 3000 ಅಡಿ ಮೇಲೆ. ಶೂಲಗಿರಿ ದಾಟಿ ಇಳಿದರೆ ಕೃಷ್ಣಗಿರಿ ತಗ್ಗು, ಅಲ್ಲಿಯ ಬಿಸಿಲೇ ಬೇರೆ. ಶಿವರಾತ್ರಿಗೆ ಚಳಿ ಶಿವ ಶಿವಾ ಅಂತ ಹೊರಟುಹೋಗುತ್ತೆ ಅಂತಾರೆ. ಅದು ಹೊರಡೋವಾಗ ಆಕಾಶಾನೂ ಬದಲಾಗುತ್ತೆ. ಮಾಘದಲ್ಲಿ ಹೊತ್ತಾರೆ ಮಂಜು ನೆಲ ಹಿಡಿದು ಕೂತಿರುತ್ತೆ, ಸೂರ್ಯ ಮೇಲೆ ಬಂದರೂ ಬೆಳ್ಳಿ ಕಾಸಿನ ಥರ ಬೆಳ್ಳಗೆ ಇರ್ತಾನೆ. ಫಾಲ್ಗುಣಕ್ಕೆ ಬಿದ್ದರೆ ಮಂಜು ಹರಿದು ಆಕಾಶ ಖಾಲಿ. ಗಾಳಿ ತುಂಬ ಧೂಳು, ಹೊಲದಲ್ಲಿ ಕಸ ಕಡ್ಡಿ ಸುಟ್ಟ ಹೊಗೆ. ಆಮೇಲೆ ಒಂದು ದಿನ ಬಲು ಎತ್ತರದಲ್ಲಿ ಹಿಂಜಿದ ಹತ್ತಿಯಂಥ ಎಳೆ ಮೋಡ ಕಾಣುತ್ತೆ. ಮಾರ್ಚ್ ಕೊನೆಗೆ ಮಧ್ಯಾಹ್ನದ ಮೇಲೆ ಅರಳೆ ರಾಶಿ ಏಳೋದು, ಸಂಜೆಗೆ ಕರಗೋದು. ಯುಗಾದಿ ಆಚೆ ಈಚೆ ಯಾವತ್ತೋ ಒಂದು ದಿನ ಅದು ಕರಗೋಲ್ಲ. ಬೆಳೀತಾ ಬೆಳೀತಾ ಬುಡ ಕಪ್ಪಾಗಿ, ತಲೆ ಚಪ್ಪಟೆಯಾಗಿ ನಿಲ್ಲುತ್ತೆ. ಅವತ್ತು ಮಾವಿನ ಮಳೆ. ಕೆಲವು ವರ್ಷ ಆಲಿಕಲ್ಲು. ಎರಡು ತಿಂಗಳಲ್ಲಿ ಆಕಾಶ ಐದು ವೇಷ ಹಾಕುತ್ತೆ. ಬೇರೆ ಯಾವ ಕಾಲದಲ್ಲೂ ನಮ್ಮ ಕಡೆ ಇಷ್ಟು ಬೇಗ ಬೇಗ ವೇಷ ಬದಲಾಗೋಲ್ಲ. ಈ ಕಾಲದಲ್ಲಿ ಆಕಾಶದ ಪಟ ತೆಗೀಬೇಕು ಅಂದ್ರೆ ಈ ಬದಲಾವಣೆಯನ್ನೇ ತೆಗೀಬೇಕು. ಐದು ವೇಷದಲ್ಲೂ ಒಂದೇ ಕೆಂಪು ಬಣ್ಣ ಬಳಿದರೆ ಆಟ ಏನು ನೋಡಿದ ಹಾಗಾಯ್ತು?

ಈ ಕೆಂಪಿನ ವಿಷಯಾನೇ ತಗೊಳ್ಳೋಣ. ಸೂರ್ಯ ಹುಟ್ಟೋವಾಗ ಮುಳುಗೋವಾಗ ಕೆಂಪಾಗೋದು ಯಾಕೆ ಅಂತ ಹೈಸ್ಕೂಲ್ ಮಕ್ಕಳಿಗೆ ಗೊತ್ತು. ನೆತ್ತಿ ಮೇಲಿಂದ ಬರೋ ಬೆಳಕಿಗಿಂತ ಅಡ್ಡಡ್ಡ ಬರೋ ಬೆಳಕು ಬಹಳ ಗಾಳಿ ದಾಟಿ ಬರಬೇಕು. ದಾರಿಯಲ್ಲಿ ನೀಲಿ ಚೆದುರಿಹೋಗುತ್ತೆ, ಕೆಂಪು ಉಳಿದು ನಮ್ಮ ಕಣ್ಣಿಗೆ ಬರುತ್ತೆ. ಇಂಗ್ಲೆಂಡಿನ ರೇಲಿ ಅನ್ನೋ ವಿಜ್ಞಾನಿ 1871ರಲ್ಲಿ ಇದನ್ನ ಲೆಕ್ಕ ಹಾಕಿ ತೋರಿಸಿದರು. ಆದರೆ ದಿನಾ ಒಂದೇ ಕೆಂಪಲ್ಲ. ಧೂಳು ಹೊಗೆ ಹೆಚ್ಚಾಗಿರೋ ದಿನ ಬಣ್ಣ ಮಂಕಾಗಿರುತ್ತೆ, ಸೂರ್ಯ ಗುಡ್ಡ ಮುಟ್ಟೋಕೆ ಮುಂಚೆನೇ ಮಬ್ಬಲ್ಲಿ ಕರಗಿಹೋಗ್ತಾನೆ. ಮಳೆ ಬಂದು ಗಾಳಿ ತೊಳೆದ ಮಾರನೇ ದಿನ ಬಣ್ಣ ಚೊಕ್ಕಟವಾಗಿರುತ್ತೆ. ಹೊತ್ತು ಮುಳುಗಿದ ಮೇಲೆ ಕೆಳಗಿನ ಮೋಡ ಮೊದಲು ಬೂದಿಯಾಗುತ್ತೆ, ಬಲು ಮೇಲಿರೋ ಎಳೆ ಮೋಡ ಕೊನೆಗೆ ಕೆಂಪಾಗುತ್ತೆ. ನಮಗೆ ಸೂರ್ಯ ಮುಳುಗಿದ್ದರೂ ಅಷ್ಟು ಎತ್ತರಕ್ಕೆ ಇನ್ನೂ ಮುಳುಗಿರೋಲ್ಲ ಅದಕ್ಕೆ. ಅಂದ್ರೆ ಬಣ್ಣ ಅನ್ನೋದು ಗಾಳಿಯ ಸಮಾಚಾರ. ಇವತ್ತು ಎಷ್ಟು ಧೂಳಿದೆ, ಎಷ್ಟು ತೇವ ಇದೆ, ಮೋಡ ಎಷ್ಟು ಎತ್ತರದಲ್ಲಿದೆ ಅನ್ನೋದನ್ನೆಲ್ಲಾ ಬಣ್ಣ ಹೇಳ್ತಾ ಇರುತ್ತೆ.

ಫೋನು ಈ ಸಮಾಚಾರವನ್ನ ಕೇಳೋಲ್ಲ. ಈಗಿನ ಫೋನು ಗುಂಡಿ ಒತ್ತಿದರೆ ಒಂದು ಪಟ ತೆಗೆಯೋಲ್ಲವಂತೆ. ನಾಲ್ಕಾರು ತೆಗೆದು, ಕತ್ತಲೆ ಜಾಗಕ್ಕೆ ಬೆಳಕು, ಬೆಳಕಿನ ಜಾಗಕ್ಕೆ ಬಣ್ಣ ಕೊಟ್ಟು, ಎಲ್ಲಾ ಸೇರಿಸಿ ಒಂದು ಮಾಡಿ ಕೊಡುತ್ತೆ. ಮಂಕು ಸಂಜೆಯನ್ನ ನೋಡಿದರೆ, ಇದು ಸೂರ್ಯಾಸ್ತ, ಕೆಂಪಿರಬೇಕು ಅಂತ ತಾನೇ ತೀರ್ಮಾನ ಮಾಡಿ ಕೆಂಪು ಹಚ್ಚುತ್ತೆ. ಅದರ ಮೇಲೆ ನಮ್ಮ ಹುಡುಗರು ಇನ್ನೊಂದು ಕೋಟಿಂಗ್ ಹೊಡೀತಾರೆ. ಕೆಲವು ಫೋನಲ್ಲಿ ಆಕಾಶಾನೇ ತೆಗೆದು ಬೇರೆ ಆಕಾಶ ಕೂರಿಸೋ ಅನುಕೂಲಾನೂ ಇದೆ. ಗೋಡೆ ಮೇಲಿನ ಎರಡು ಫೋಟೋದಲ್ಲಿ ಹೊಲ ಬೇರೆ, ಗುಡ್ಡ ಬೇರೆ, ಮೇಲಿನ ಮೋಡ ಮಾತ್ರ ಒಂದೇ! ನೋಡಿದ ಹೆಂಗಸರು ನಕ್ಕರು.

ಪದ ಹಾಡೋರಿಗೆ ಈ ಕಾಯಿಲೆ ಹಳೇದು. ಜಾತ್ರೆಯಲ್ಲಿ ಮೈಕಿನವನು ಗಂಟಲಿಗೆ ಎಕೋ ಹಾಕ್ತಾನೆ. ಹಾಕಿದ ತಕ್ಷಣ ಎಲ್ಲರ ಗಂಟಲೂ ಒಂದೇ ಥರ, ಮುದುಕನದೂ ಅದೇ, ಹುಡುಗನದೂ ಅದೇ. ಕೇಳೋರಿಗೆ ಇಂಪು ಅನ್ನಿಸುತ್ತೆ. ಆದರೆ ತಂಬೂರಿ ಹಿಡಿದು ಕೂತವನು ಎಲ್ಲಿ ಉಸಿರು ತಗೊಂಡ, ಎಲ್ಲಿ ಗಂಟಲು ಕಟ್ಟಿತು, ಯಾವ ಮಾತಿಗೆ ತಡೆದ ಅನ್ನೋದೆಲ್ಲಾ ಎಕೋದಲ್ಲಿ ಮುಚ್ಚಿಹೋಗುತ್ತೆ. ಪದದ ಜೀವ ಇರೋದು ಅಲ್ಲೇ. ಆಕಾಶಕ್ಕೂ ಅಷ್ಟೇ. ಮಬ್ಬು, ಮಂಕು, ಹೊಗೆ ಎಲ್ಲಾ ಅದು ಉಸಿರು ತಗೊಳ್ಳೋ ಜಾಗ.

ಆಕಾಶಕ್ಕೆ ಬಣ್ಣ ಬಳಿಯೋದು ಫೋನಿನಿಂದ ಶುರುವಾಯ್ತು ಅಂತ ತಿಳೀಬೇಡಿ. ಇದರ ಕತೆ ನಮ್ಮ ರಾಯಕೋಟೆಗೇ ಬಂದು ಸೇರುತ್ತೆ. ಲಿನ್ನೇಯಸ್ ಟ್ರೈಪ್ ಅಂತ ಇಂಗ್ಲಿಷ್ ಕಂಪನಿ ಸೈನ್ಯದ ಕ್ಯಾಪ್ಟನ್ ಒಬ್ಬನಿದ್ದ. 1854ರಲ್ಲೇ ಮೈಸೂರು ಸೀಮೆಗೆ ಹೋಗಿ ಹಳೇಬೀಡು, ಬೇಲೂರು ದೇವಸ್ಥಾನಗಳ ಫೋಟೋ ತೆಗೆದವನು. ಆಮೇಲೆ ಮದ್ರಾಸ್ ಸರ್ಕಾರದವರು ಅವನನ್ನ ಸರ್ಕಾರಿ ಫೋಟೋಗ್ರಾಫರ್ ಮಾಡಿಕೊಂಡರು. ಅವನು 1857-58ರಲ್ಲಿ ಈ ದಾರಿಯಲ್ಲಿ ಬಂದ. ಆಗ ನಮ್ಮ ಸೀಮೆ ಸೇಲಂ ಜಿಲ್ಲೆಗೆ ಸೇರಿತ್ತು. ಧರ್ಮಪುರಿ ಜಿಲ್ಲೆ ಆಗಿದ್ದು 1965ರಲ್ಲಿ, ಕೃಷ್ಣಗಿರಿ ಜಿಲ್ಲೆ ಆಗಿದ್ದು 2004ರಲ್ಲಿ. ಟ್ರೈಪ್ ತೆಗೆದ ರಾಯಕೋಟೆ ಮತ್ತು ಸೇಲಂ ಜಿಲ್ಲೆಯ ಇತರ ಜಾಗಗಳ ಫೋಟೋ 1858ರಲ್ಲಿ ಮದ್ರಾಸಲ್ಲಿ ಪುಸ್ತಕವಾಗಿ ಬಂತು. ನಾವು ಟೊಮೇಟೊ ಹಾಕ್ಕೊಂಡು ಸಂತೆಗೆ ಹೋಗೋ ಅದೇ ರಾಯಕೋಟೆ. ವಾಚನಾಲಯದ ಮೇಷ್ಟ್ರು ಕಂಪ್ಯೂಟರಲ್ಲಿ ತೋರಿಸಿದಾಗ ಆ ದುರ್ಗದ ಬಂಡೆ ನೋಡಿ ಗುರುತು ಹಿಡಿದೆ. ಮನುಷ್ಯರು ಕಟ್ಟಿದ್ದೆಲ್ಲಾ ಬದಲಾಗಿದೆ, ಬಂಡೆ ಹಾಗೇ ಇದೆ.

ಅವನ ಕಾಲದಲ್ಲಿ ಒಂದು ಕಷ್ಟ ಇತ್ತು. ಟ್ರೈಪ್ ನೆಗೆಟಿವ್ ಮಾಡ್ತಾ ಇದ್ದದ್ದು ಮೇಣ ಹಿಡಿಸಿದ ಕಾಗದದ ಮೇಲೆ. ಅದಕ್ಕೆ ಹಾಕೋ ರಸಾಯನಕ್ಕೆ ನೀಲಿ ಬೆಳಕು ಬಲು ಬೇಗ ಹತ್ತುತ್ತಿತ್ತು, ಕೆಂಪು ಹತ್ತುತ್ತಲೇ ಇರಲಿಲ್ಲ. ಕಲ್ಲು, ಗೋಪುರ ಚೆನ್ನಾಗಿ ಬರೋವರೆಗೆ ಕಾದರೆ ಆಕಾಶ ಅಷ್ಟು ಹೊತ್ತಿಗೆ ಸುಟ್ಟುಹೋಗಿ ಬರೀ ಬಿಳಿ ಕಾಗದವಾಗಿ ಬರ್ತಿತ್ತು. ಒಂದು ತುಂಡು ಮೋಡಾನೂ ನಿಲ್ಲುತ್ತಿರಲಿಲ್ಲ. ಅದಕ್ಕೆ ಟ್ರೈಪ್ ತನ್ನ ಎಷ್ಟೋ ನೆಗೆಟಿವ್‌ಗಳ ಮೇಲೆ ಕುಂಚ ಹಿಡಿದು ತಾನೇ ಮೋಡ ಬರೆದ. ಈಗ ಅಧ್ಯಯನ ಮಾಡಿದೋರು ನೆಗೆಟಿವ್ ಹಿಡಿದು ನೋಡಿ ಇದನ್ನ ಹೇಳಿದ್ದಾರೆ. ಅದೇ ಕಾಲದ ಬೇರೆ ಫೋಟೋಗ್ರಾಫರುಗಳು ಮೋಡದ ನೆಗೆಟಿವ್ ಒಂದನ್ನ ಬೇರೆ ಇಟ್ಟುಕೊಂಡು, ಬೇಕಾದ ಊರಿನ ಮೇಲೆ ಅದನ್ನೇ ಅಚ್ಚು ಹಾಕ್ತಿದ್ದರು. ನಮ್ಮ ಗೋಡೆ ಮೇಲಿನ ಎರಡು ಫೋಟೋಕ್ಕೆ ಒಂದೇ ಮೋಡ ಬಂತಲ್ಲ, ಆ ವಿದ್ಯೆಗೆ ನೂರೈವತ್ತು ವರ್ಷಕ್ಕೂ ಹೆಚ್ಚು ವಯಸ್ಸು.

ಹಾಗಾದರೆ ಟ್ರೈಪ್ ಮಾಡಿದ್ದು ಸರಿ, ನಮ್ಮ ಹುಡುಗರು ಮಾಡಿದ್ದು ತಪ್ಪೇ ಅಂತ ಕೇಳಬಹುದು. ನನ್ನ ಲೆಕ್ಕ ಹೀಗೆ. ಅವನ ಕೈಲಿದ್ದ ಸಾಮಾನಿಗೆ ಮೋಡ ಹಿಡಿಯೋ ಶಕ್ತಿ ಇರಲಿಲ್ಲ. ಕುರುಡನಿಗೆ ಕೋಲು ಕೊಟ್ಟ ಹಾಗೆ ಅವನು ಕುಂಚ ಹಿಡಿದ. ನಮ್ಮ ಹುಡುಗರ ಜೇಬಲ್ಲಿರೋದಕ್ಕೆ ಎಲ್ಲಾ ಹಿಡಿಯೋ ಶಕ್ತಿ ಇದೆ. ತಲೆ ಮೇಲೆ ನಿಜವಾದ ಮೋಡ ನಿಂತಿದೆ. ಅದನ್ನ ಬಿಟ್ಟು ಡಬ್ಬಿಯಲ್ಲಿರೋ ಮೋಡ ತಂದು ಹಾಕೋದು ಕಣ್ಣಿರೋನು ಕೋಲು ಹಿಡಿದು ತಡವಿಕೊಂಡು ಹೋದ ಹಾಗೆ. ಇನ್ನೊಂದು ಮಾತು. ಟ್ರೈಪ್ ಮೋಡ ಬರೆದರೂ ನೆಲವನ್ನ ಸುಳ್ಳು ಮಾಡಲಿಲ್ಲ. ರಾಯಕೋಟೆ ಬಂಡೆಯ ಬಿರುಕು ಇವತ್ತಿಗೂ ಎಣಿಸಬಹುದು. ನಮ್ಮ ಮೂವತ್ತು ಫೋಟೋದಲ್ಲಿ ನೆಲ ಅನ್ನೋದೇ ಇಲ್ಲ, ಕಪ್ಪು ಪಟ್ಟಿ ಅಷ್ಟೇ.

ಈ ಕಪ್ಪು ಪಟ್ಟಿ ಸುಮ್ಮನೆ ಬಂದಿದ್ದಲ್ಲ. ಆಕಾಶದ ಬೆಳಕಿಗೆ ಫೋನು ಹೊಂದಿಸಿದರೆ ನೆಲ ಕಪ್ಪಾಗುತ್ತೆ, ಅದು ಯಂತ್ರದ ಗುಣ, ಒಪ್ಪಿದೆ. ಆದರೆ ಕರೆಂಟು ಕಂಬ ಕಾಣಬಾರದು ಅಂತ ಪಕ್ಕಕ್ಕೆ ಸರಿಯೋದು, ಪಾಲಿಹೌಸಿನ ಬಿಳಿ ಹಾಳೆ ಕಾಣಬಾರದು ಅಂತ ಮೇಲಕ್ಕೆ ಎತ್ತೋದು, ಉಳಿದದ್ದನ್ನ ಕತ್ತರಿಸೋದು, ಅದು ಮನಸ್ಸಿನ ಗುಣ. ಎಲ್ಲರಿಗೂ ಬೇಕಾಗಿರೋದು ನಂದಿ ಬೆಟ್ಟದ ಫೋಟೋ. ರಾತ್ರಿಯೆಲ್ಲಾ ಗಾಡಿ ಓಡಿಸಿಕೊಂಡು ಬೆಂಗಳೂರು ದಾಟಿ ನಂದಿಗೆ ಹೋಗಿ ಬರೋ ಹುಡುಗರು ನಮ್ಮೂರಲ್ಲೂ ಇದ್ದಾರೆ. ಸಿಗದಿದ್ದರೆ ನಮ್ಮೂರನ್ನೇ ಕತ್ತರಿಸಿ ನಂದಿ ಮಾಡ್ತಾರೆ.

ಒಂದು ಫೋಟೋ ಮಾತ್ರ ನನ್ನನ್ನ ಬಹಳ ಹೊತ್ತು ನಿಲ್ಲಿಸಿತು. ಕೆಲವರಪಳ್ಳಿ ಅಣೆಕಟ್ಟಿನ ಕೆಳಗೆ ಸಂಜೆ ಹೊತ್ತು ತೆಗೆದದ್ದು. ಮೇಲೆ ಬಂಗಾರದ ಮೋಡ, ಕೆಳಗೂ ಬಂಗಾರದ ಮೋಡ. ನೋಡಿದೋರೆಲ್ಲಾ ‘ಆಹಾ, ಮೋಡ ನೆಲಕ್ಕೇ ಇಳಿದಿದೆ’ ಅಂದರು. ಅದು ಮೋಡ ಅಲ್ಲ ಸ್ವಾಮಿ, ನೊರೆ. ದಕ್ಷಿಣ ಪಿನಾಕಿನಿ ಹೊಳೆ ಬೆಂಗಳೂರಿನ ಕೊಳಚೆ ಹೊತ್ತುಕೊಂಡು ಬರೋದು, ನೀರು ಬಿಟ್ಟಾಗ ಆಳೆತ್ತರ ನೊರೆ ಏಳೋದು ಪತ್ರಿಕೆಗಳಲ್ಲಿ ಎಷ್ಟೋ ಸಲ ಬಂದಿದೆ. ವಾಸನೆಗೆ ಮೂಗು ಮುಚ್ಚಿಕೊಂಡು ಓಡಾಡೋ ಜಾಗ ಅದು. ಆ ನೀರಲ್ಲೇ ನಮ್ಮೋರು ತೋಟ ಮಾಡ್ತಾರೆ. ಸಂಜೆಯ ಬೆಳಕು ಯಾರ ಮೇಲೂ ಬೀಳುತ್ತೆ, ಗಂಗೆ ಮೇಲೂ ಕೊಳಚೆ ಮೇಲೂ. ಆ ಹುಡುಗ ನೋಡಿದ್ದು ನಿಜ, ಬಣ್ಣಾನೂ ನಿಜ. ಆದರೆ ಬದಿಯ ಕಲ್ಲು, ಮೂಗಿಗೆ ಟವಲು ಕಟ್ಟಿಕೊಂಡ ಮನುಷ್ಯ, ಎಲ್ಲಾ ಕತ್ತರಿಸಿ ನೊರೆ ಒಂದನ್ನೇ ಉಳಿಸಿದ. ಮೊದಲಿನ ಪಟ ತೋರಿಸು ಅಂದೆ, ಫೋನಲ್ಲಿ ತೋರಿಸಿದ. ಅದು ಇಡೀ ಗೋಡೆಯಲ್ಲೇ ದೊಡ್ಡ ಫೋಟೋ ಆಗ್ತಿತ್ತು. ಅಂದವೂ ಅನ್ಯಾಯವೂ ಒಂದೇ ಬೆಳಕಲ್ಲಿ ನಿಂತಿದ್ದವು. ಕತ್ತರಿ ಹಾಕಿ ಅರ್ಧ ಸತ್ಯ ಮಾಡಿದ.

ಇದಕ್ಕೆ ಮೇಷ್ಟ್ರು ಒಂದು ಅಡ್ಡ ಮಾತು ತಂದರು. ನೆಲ ಇಲ್ಲದೆ ಬರೀ ಮೋಡದ ಫೋಟೋ ತೆಗೆದ ದೊಡ್ಡವರೂ ಇದ್ದಾರಲ್ಲ ಅಂತ. ಅಮೆರಿಕಾದ ಆಲ್‌ಫ್ರೆಡ್ ಸ್ಟೀಗ್ಲಿಟ್ಸ್. 1922ರಿಂದ ಶುರುಮಾಡಿ ಹತ್ತು ವರ್ಷಕ್ಕೂ ಮೇಲೆ ಮೋಡದ ಪಟ ತೆಗೆದ. ಎಷ್ಟೋ ಪಟದಲ್ಲಿ ನೆಲವೂ ಇಲ್ಲ, ಗುಡ್ಡವೂ ಇಲ್ಲ, ಯಾವುದು ಮೇಲು ಯಾವುದು ಕೆಳಗು ಅಂತಾನೂ ತಿಳಿಯೋಲ್ಲ. ಅವನ ಫೋಟೋಕ್ಕೆ ಬಲ ಬರೋದು ಮುಂದೆ ಕೂರೋ ಮನುಷ್ಯರಿಂದ ಅಂತ ಯಾರೋ ಅಂದರಂತೆ. ಮೋಡ ಎಲ್ಲರಿಗೂ ಪುಕ್ಕಟೆ, ಅದನ್ನೇ ತೆಗೆದು ತೋರಿಸ್ತೀನಿ ಅಂತ ಹೊರಟ. ಮೇಷ್ಟ್ರು ಕೆಲವನ್ನ ತೋರಿಸಿದರು. ನೋಡಿದೆ, ಒಪ್ಪಿದೆ. ಯಾಕೆ ಒಪ್ಪಿದೆ ಅಂದ್ರೆ ಅದರಲ್ಲಿ ಒಂದು ಚೂರೂ ಕೆಂಪಿಲ್ಲ. ಕಪ್ಪು, ಬಿಳಿ, ಬೂದಿ ಅಷ್ಟೇ. ಬಣ್ಣದ ಆಸೆ ತೋರಿಸದೆ ಮೋಡದ ಮೈಯನ್ನೇ ತೋರಿಸಿದ್ದಾನೆ. ಎಲ್ಲಿ ತೆಳು, ಎಲ್ಲಿ ದಪ್ಪ, ಎಲ್ಲಿ ಹರೀತಾ ಇದೆ, ಎಲ್ಲಿ ಕೂಡ್ತಾ ಇದೆ. ಅಷ್ಟು ನೋಡೋ ತಾಳ್ಮೆ ಇದ್ದವನು ನೆಲ ಬಿಟ್ಟರೆ ನಷ್ಟ ಇಲ್ಲ. ತಾಳ ಗೊತ್ತಿದ್ದವನು ತಾಳ ಇಲ್ಲದೆ ಹಾಡಿದರೂ ಪದ ತಪ್ಪೋಲ್ಲ. ಗೊತ್ತಿಲ್ಲದವನು ಬಿಟ್ಟರೆ ಗದ್ದಲ.

ಈಗ ಆ ಹತ್ತು ಫೋಟೋಗಳ ಮಾತು. ಅದರಲ್ಲಿ ಐದು ಒಬ್ಬಳೇ ಹೆಣ್ಣುಮಗಳದ್ದು. ಕಾಲೇಜಿಗೆ ಹೋಗೋ ಹುಡುಗಿ. ತನ್ನ ಮನೆ ಮಾಳಿಗೆಯ ಒಂದೇ ಮೂಲೆಯಲ್ಲಿ ನಿಂತು ಐದು ಭಾನುವಾರ ಬೆಳಗ್ಗೆ ಐದು ಫೋಟೋ ತೆಗೆದಿದ್ದಾಳೆ. ಬಣ್ಣಕ್ಕೆ ಕೈ ಹಚ್ಚಿಲ್ಲ. ಎದುರುಮನೆ ನೀರಿನ ಟ್ಯಾಂಕು, ಕರೆಂಟು ತಂತಿ, ಆಚೆ ಗುಡ್ಡ, ಎಲ್ಲಾ ಇವೆ. ಒಂದೊಂದನ್ನೇ ನೋಡಿದರೆ ಏನೂ ವಿಶೇಷ ಇಲ್ಲ. ಸಾಲಾಗಿ ನೋಡಿ, ಸೂರ್ಯ ನಡೀತಾ ಇದ್ದಾನೆ! ಮೊದಲನೇದರಲ್ಲಿ ಟ್ಯಾಂಕಿನ ಬಲಕ್ಕೆ, ಅಂದ್ರೆ ತೆಂಕಲಿಗೆ ಇದ್ದವನು ಐದನೇದರಲ್ಲಿ ಟ್ಯಾಂಕು ದಾಟಿ ಎಡಕ್ಕೆ, ಬಡಗಲಿಗೆ ಬಂದಿದ್ದಾನೆ. ಕೈ ಚಾಚಿ ಮುಷ್ಟಿ ಹಿಡಿದು ಅಳೆದರೆ ಒಂದು ಮುಷ್ಟಿಗಿಂತ ಕೊಂಚ ಹೆಚ್ಚು ದೂರ. ಡಿಸೆಂಬರಲ್ಲಿ, ಜೂನಲ್ಲಿ ಸೂರ್ಯ ಹುಟ್ಟೋ ಜಾಗ ನಿಂತ ಹಾಗೇ ಇರುತ್ತೆ. ಮಾರ್ಚಲ್ಲಿ ಹಾಗಲ್ಲ, ದಿನಕ್ಕೆ ಹತ್ತಿರ ಹತ್ತಿರ ಮುಕ್ಕಾಲು ಬಿಂಬದಷ್ಟು ಸರೀತಾನೆ. ಮಾರ್ಚ್ 20-21ರ ಹೊತ್ತಿಗೆ ಸರಿಯಾಗಿ ಮೂಡಲಲ್ಲಿ ಹುಟ್ಟಿ ಬಡಗಲಿಗೆ ದಾಟ್ತಾನೆ. ವರ್ಷದಲ್ಲಿ ಅವನ ಕಾಲು ಅತಿ ಬಿರುಸಾಗಿ ನಡೆಯೋ ಎರಡು ಕಾಲದಲ್ಲಿ ಇದೊಂದು, ಇನ್ನೊಂದು ಸೆಪ್ಟೆಂಬರು. ಈ ಸತ್ಯವನ್ನ ನಮ್ಮ ಹಿರಿಯರು ಬಾಗಿಲಿಂದ ಬಿಸಿಲು ಒಳಗೆ ಬೀಳೋ ಜಾಗ ನೋಡಿ ತಿಳ್ಕೊಂಡಿದ್ದರು. ಈ ಹುಡುಗಿ ಅದನ್ನ ನೀರಿನ ಟ್ಯಾಂಕಿಟ್ಟು ಅಳೆದಿದ್ದಾಳೆ. ಬೇರೆಯವರು ಕತ್ತರಿಸಿ ಬಿಸಾಡೋ ಟ್ಯಾಂಕು ಇವಳಿಗೆ ಅಳತೆಗೋಲು. ಟ್ಯಾಂಕು ಇಲ್ಲದಿದ್ದರೆ ಸೂರ್ಯ ನಡೆದದ್ದೇ ಕಾಣ್ತಿರಲಿಲ್ಲ. ಗೋಡೆಗೆಲ್ಲಾ ಇದೇ ಮೇಲು ಅಂತ ನಾನು ಹೇಳ್ತೀನಿ.

ಇನ್ನೊಂದು, ಮಾವಿನ ತೋಪಿನ ಮೇಲೆ ಮೋಡ ಮುಚ್ಚಿದ ಬೆಳಗು. ಸೂರ್ಯಾನೇ ಇಲ್ಲ. ಆಕಾಶ ತೊಳೆಯದ ಪಾತ್ರೆ ಥರ. ಕೆಳಗೆ ಹೂ ತುಂಬಿದ ಮರ. ಪಟ್ಟಣದೋರು ನೋಡಿದರೆ ಏನು ಸೊಗಸು, ತಂಪು ಬೆಳಗು ಅಂತಾರೆ. ಕೃಷ್ಣಗಿರಿ ಜಿಲ್ಲೆಯವರು ನೋಡಿದರೆ ಹೊಟ್ಟೆ ಝಲ್ ಅನ್ನುತ್ತೆ. ಹೂ ಬಿಟ್ಟಾಗ ಮೋಡ ಮುಚ್ಚಿ ತೇವ ನಿಂತರೆ ಬೂದಿ ರೋಗ, ಜಿಗಿ ಹುಳ, ಹೂವೆಲ್ಲಾ ಕರಿಯಾಗಿ ಉದುರೋದು. ಕಾಯಿ ಕಟ್ಟಿದ ಮೇಲೆ ಹದವಾಗಿ ಒಂದು ಮಳೆ ಬಂದರೆ ಅದೇ ಮೋಡ ದೇವರು. ಹದಿನೈದು ಇಪ್ಪತ್ತು ದಿನದ ಅಂತರದಲ್ಲಿ ಮೋಡ ಶನಿಯಿಂದ ಶಿವ ಆಗುತ್ತೆ. ಈ ಫೋಟೋ ತೆಗೆದವನು ತೋಟದವರ ಮಗ. ಹೂವನ್ನ ಬಿಟ್ಟು ಮೋಡ ತೆಗೆದಿದ್ದರೆ ಬರೀ ಬೂದಿ ಬಣ್ಣ, ಮೋಡ ಬಿಟ್ಟು ಹೂ ತೆಗೆದಿದ್ದರೆ ಬರೀ ಹೂವು. ಎರಡೂ ಒಂದೇ ಚೌಕಟ್ಟಲ್ಲಿ ಇಟ್ಟದ್ದಕ್ಕೆ ಅದು ಒಂದು ಕುಟುಂಬದ ವರ್ಷದ ಚಿಂತೆಯ ಪಟ ಆಯ್ತು.

ಮೂರನೇದು, ಹೊಸೂರು ಚಂದ್ರಚೂಡೇಶ್ವರನ ಬೆಟ್ಟದ ಮೇಲಿಂದ ಮಾರ್ಚ್ ಸಂಜೆ ತೆಗೆದದ್ದು. ಕೆಳಗೆ ಊರು, ಕಾರ್ಖಾನೆ, ಮಾಳಿಗೆ ಮೇಲೆ ಮಾಳಿಗೆ. ಸೂರ್ಯ ಇನ್ನೂ ಎರಡು ಬೆರಳು ಮೇಲಿದ್ದಾನೆ, ಆಗಲೇ ಮಬ್ಬು ನುಂಗಿ ಅರ್ಧ ಬಿಂಬ ಉಳಿದಿದೆ. ಬಣ್ಣ ಇಟ್ಟಿಗೆ ಪುಡಿಯದು. ಇದನ್ನ ಗೋಡೆಗೆ ಹಾಕೋದು ಬೇಡ, ಚೆನ್ನಾಗಿಲ್ಲ ಅಂತ ಕೆಲವರು ಅಂದರಂತೆ. ಹಾಕಿದ್ದು ಒಳ್ಳೇದಾಯ್ತು. ನಾವು ಯಾವ ಗಾಳಿ ಕುಡೀತಾ ಇದ್ದೀವಿ ಅಂತ ಈ ನಲವತ್ತರಲ್ಲಿ ಹೇಳಿದ್ದು ಅದೊಂದೇ.

ಉಳಿದ ಮೂರು ಮೋಡದ ಪಟಗಳು. ಎಳೆ ಮೋಡ ಒಂದು, ಅರಳೆ ರಾಶಿ ಒಂದು, ಹಾಸಿದ ಹಾಗೆ ಪದರ ಕಟ್ಟಿದ್ದು ಒಂದು. ಮೂರೂ ಬೇರೆ ಬೇರೆ ಜಾತಿ ಅಂತ ತೆಗೆದವರಿಗೆ ತಿಳಿದಿದೆ, ಅದು ಸಂತೋಷ. ಮೋಡಕ್ಕೆ ಹೀಗೆ ಜಾತಿ ಹಿಡಿದು ಹೆಸರಿಟ್ಟವನು ಲ್ಯೂಕ್ ಹೋವರ್ಡ್, ಲಂಡನ್ನಿನಲ್ಲಿ ಔಷಧಿ ತಯಾರಿಸಿ ಮಾರ್ತಿದ್ದ ಮನುಷ್ಯ. 1802ರಲ್ಲಿ ಒಂದು ಭಾಷಣ ಮಾಡಿ ಹೆಸರು ಹೇಳಿದ, ಇವತ್ತಿಗೂ ಲೋಕವೆಲ್ಲಾ ಅದೇ ಹೆಸರಿಂದ ಕರೆಯುತ್ತೆ. ಲ್ಯಾಟಿನ್ ಮಾತಿನ ಆ ಹೆಸರುಗಳ ಅರ್ಥ ಕೇಳಿದರೆ ನಗು ಬರುತ್ತೆ. ಒಂದಕ್ಕೆ ಕೂದಲು, ಒಂದಕ್ಕೆ ರಾಶಿ, ಒಂದಕ್ಕೆ ಪದರ. ಕಣದಲ್ಲಿ ರಾಗಿ ರಾಶಿ ಹಾಕಿದ ಯಾರೇ ಆದರೂ ಇಡಬಹುದಾದ ಹೆಸರು. ದೊಡ್ಡ ವಿದ್ಯೆ ಬೇಕಾಗಿರಲಿಲ್ಲ, ದಿನಾ ನೋಡಿ ಬರೆದಿಡೋ ಅಭ್ಯಾಸ ಬೇಕಾಗಿತ್ತು.

ಬರೆದಿಡೋ ಮಾತು ಬಂತಲ್ಲ, ಗೋಡೆಯ ದೊಡ್ಡ ಕೊರತೆ ಅದೇ. ಆ ಹುಡುಗಿಯ ಐದು ಬಿಟ್ಟರೆ ಯಾವ ಫೋಟೋದ ಕೆಳಗೂ ತಾರೀಖಿಲ್ಲ, ಹೊತ್ತಿಲ್ಲ, ದಿಕ್ಕಿಲ್ಲ. ‘ಸುಂದರ ಸಂಜೆ’, ‘ಪ್ರಕೃತಿಯ ಮಡಿಲು’ ಅಂತ ಬರೆದಿದ್ದಾರೆ. ಮೋಡ ಮೂಡಲಲ್ಲಿತ್ತೋ ಪಡುವಲಲ್ಲೋ, ಅವತ್ತು ಮಳೆ ಬಂತೋ ಇಲ್ಲವೋ? ನಾವು ರೇವತ ಮಳೆ, ಅಶ್ವಿನಿ ಮಳೆ, ಭರಣಿ ಮಳೆ ಅಂತ ಹದಿಮೂರು ಹದಿನಾಲ್ಕು ದಿನಕ್ಕೊಂದು ಹೆಸರಿಟ್ಟು ನೆನಪಿಟ್ಟುಕೊಂಡ ಜನ. ನಮ್ಮಪ್ಪನ ಕಾಲಕ್ಕೂ ನಮ್ಮ ಕಾಲಕ್ಕೂ ಆ ಮಳೆಗಳು ಎಷ್ಟು ಹಿಂದೆ ಮುಂದೆ ಆದವು ಅಂತ ಅರಳೀಕಟ್ಟೆಯಲ್ಲಿ ದಿನಾ ಜಗಳ. ಕೈಯಲ್ಲಿ ರುಜುವಾತಿಲ್ಲ. ಈಗ ಊರಲ್ಲಿ ಇನ್ನೂರು ಫೋನಿದ್ದರೆ ಇನ್ನೂರು ರುಜುವಾತು ಇಟ್ಟ ಹಾಗೆ. ಒಂದು ಸಾಲು ಬರೆದರೆ ಸಾಕು: ಇಂಥಾ ತಾರೀಖು, ಇಷ್ಟು ಗಂಟೆ, ಇಂಥಾ ದಿಕ್ಕು, ಆಮೇಲೆ ಏನಾಯ್ತು. ಬರೆಯದಿದ್ದರೆ ಹಾಡಿದವನ ಹೆಸರು, ಊರು ಮರೆತ ಪದದ ಹಾಗೆ, ಯಾರದೋ ಆಗಿ ತೇಲಿಹೋಗುತ್ತೆ.

ಫೋಟೋ ತೆಗೆಯೋದು ಖುಷಿಗೆ, ಅದನ್ನ ಶಾನುಭೋಗರ ಲೆಕ್ಕ ಮಾಡಬೇಡಿ ತಾತ ಅಂತ ಹುಡುಗರು ಅನ್ನಬಹುದು. ಖುಷಿ ಬೇಡ ಅಂತ ಯಾರು ಹೇಳಿದರು? ಮಳೆರಾಯನ ಪದ ಹಾಡೋವಾಗಲೂ ಮಕ್ಕಳಿಗೆ ಖುಷಿಯೇ. ಮಣ್ಣಿನ ಮಳೆರಾಯನನ್ನ ಹಲಗೆ ಮೇಲಿಟ್ಟು ತಲೆ ಮೇಲೆ ಹೊತ್ತು ಮನೆ ಮನೆಗೆ ಹೋಗ್ತಾರೆ, ಹೆಂಗಸರು ಮೇಲಿಂದ ನೀರು ಸುರೀತಾರೆ, ಕೇಕೆ, ನಗು. ಆದರೆ ಆ ಪದದಲ್ಲಿ ಆಕಾಶವನ್ನ ಯಾರೂ ಅಂದ ಅಂತ ಹೊಗಳೋಲ್ಲ. ಕರೀತಾರೆ, ಬೈತಾರೆ, ಬೇಡ್ತಾರೆ. ಎದುರಿಗೆ ಒಬ್ಬ ನೆಂಟ ನಿಂತಿದ್ದಾನೆ ಅನ್ನೋ ಹಾಗೆ ಮಾತಾಡ್ತಾರೆ. ಖುಷಿ ಇರೋದು ಆ ಸಲಿಗೆಯಲ್ಲಿ. ಹತ್ತು ಫೋಟೋದಲ್ಲಿ ಆ ಸಲಿಗೆ ಇದೆ, ಮೂವತ್ತರಲ್ಲಿ ಬರೀ ಹೊಗಳಿಕೆ.

ಮುಂದಿನ ವರ್ಷ ಸಂಕ್ರಾಂತಿಯಿಂದಲೇ ಶುರುಮಾಡೋಣ ಅಂತ ವಾಚನಾಲಯದವರು ಹೇಳ್ತಾ ಇದ್ದಾರೆ. ಒಳ್ಳೇದು. ಒಂದೇ ಜಾಗದಲ್ಲಿ ನಿಂತು ತೆಗೆಯಿರಿ, ತಂತಿ ಕಂಬ ಟ್ಯಾಂಕು ಇರಲಿ ಬಿಡಿ, ಬಣ್ಣಕ್ಕೆ ಕೈ ಹಚ್ಚಬೇಡಿ, ಕೆಳಗೆ ಒಂದು ಸಾಲು ಬರೆಯಿರಿ. ಇನ್ನೊಂದು ಫೋಟೋ ಬೇಕು, ಈ ನಲವತ್ತರಲ್ಲಿ ಅದು ಒಂದೂ ಇಲ್ಲ. ಮಧ್ಯಾಹ್ನವೆಲ್ಲಾ ಮೋಡ ಕಟ್ಟಿ, ಗುಡುಗಿ, ನಾಲ್ಕು ಹನಿ ಧೂಳಿಗೆ ಬಿದ್ದು, ಸಂಜೆ ಆರಕ್ಕೆಲ್ಲಾ ಗಾಳಿ ಹೊತ್ತುಕೊಂಡು ಹೋಗಿಬಿಟ್ಟ ಮೇಲೆ ಉಳಿಯೋ ಖಾಲಿ ಆಕಾಶ. ಕೊಂಬೆಗೆ ಎಲೆಗೆ ನೀರಿಲ್ಲ, ಮೇಲೆ ಒಂದೆರಡು ಚುಕ್ಕಿ. ಉತ್ತ ಹೊಲದಲ್ಲಿ ನಿಂತವರಲ್ಲಿ ಅದನ್ನ ನೋಡದವರಿಲ್ಲ, ಫೋನು ತೆಗೆದು ಯಾರೂ ಹಿಡಿಯೋಲ್ಲ. ಅದನ್ನ ತಂದವರ ಫೋಟೋಕ್ಕೆ ಚೌಕಟ್ಟು ನಾನು ಹಾಕಿಸಿಕೊಡ್ತೀನಿ.